ಮಾಳಿಗೆ ಮನೆಗೆ ಮಳೆಗಾಲದ ತಯಾರಿ: ಕರ್ಲು ಮಣ್ಣಿನಿಂದ ಕಾರಣೆಯವರೆಗೆ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ, ಜಗಳೂರಿನ ಕಡೆಯೂ, ಕಲ್ಲುಮಣ್ಣಿನ ಗೋಡೆಯ, ಮೇಲೆ ಮಟ್ಟಸ ಮಣ್ಣಿನ ಸೂರಿರುವ ಮಾಳಿಗೆ ಮನೆಗಳಲ್ಲಿ ಜನ ಇನ್ನೂ ಬಾಳುತ್ತಿದ್ದಾರೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಬೇಸಿಗೆಯಲ್ಲಿ ಕಾದ ಬಂಡೆ: ಈ ಸೀಮೆಗೆ ಹೇಳಿ ಮಾಡಿಸಿದ ಮನೆ ಇದು. ಎರಡಡಿ ದಪ್ಪದ ಗೋಡೆ, ಅರ್ಧ ಅಡಿಗೂ ಮಿಕ್ಕಿದ ಮಣ್ಣಿನ ಸೂರು. ಮಧ್ಯಾಹ್ನದ ಬಿಸಿಲು ಒಳಗೆ ಮುಟ್ಟುವ ಹೊತ್ತಿಗೆ ಸಂಜೆಯಾಗಿರುತ್ತದೆ.

ಆದರೆ ವರ್ಷಕ್ಕೊಮ್ಮೆ ಕೈ ಆಡಿಸದಿದ್ದರೆ ಈ ಮನೆ ಉಳಿಯುವುದಿಲ್ಲ. ಮಾಳಿಗೆಗೆ ಕರ್ಲು ಎಂಬ ಚೌಳು ಮಣ್ಣು ಹಾಕುವುದು, ಗೋಡೆಗೆ ಸುಣ್ಣ ಬಳಿಯುವುದು, ಬುಡಕ್ಕೆ ಕಾರಣೆ ಎಂಬ ಕೆಂಪು ಪಟ್ಟಿ ಎಳೆಯುವುದು, ಇವನ್ನೆಲ್ಲ ಹಬ್ಬದ ಅಲಂಕಾರವೆಂದು ತಿಳಿದು ಬಿಟ್ಟುಬಿಟ್ಟವರ ಮನೆಗಳೇ ಮೊದಲು ಕುಸಿದಿವೆ. ಅಂದವೂ ಆರೈಕೆಯೂ ಇಲ್ಲಿ ಒಂದೇ ಕೆಲಸ. ಬಿದ್ದ ನೀರು ಎಲ್ಲೂ ನಿಲ್ಲದೆ ಮನೆಯಿಂದ ಆಚೆ ಹೋಗಬೇಕು, ಗೋಡೆಗೆ ತಗುಲಿದ ತೇವ ಬೇಗ ಆರಬೇಕು. ಮುಂದೆ ಹೇಳುವ ಪ್ರತಿಯೊಂದು ಹಂತವೂ ಈ ಎರಡಕ್ಕಾಗಿ.

ಉಗಾದಿಗೆ ಸುಣ್ಣ ಬಳಿಯುವ ರೂಢಿ ಇರುವುದರಿಂದ ಮಾಳಿಗೆಯ ಕೆಲಸವನ್ನು ಶಿವರಾತ್ರಿ ಕಳೆದ ಕೂಡಲೇ ಹಿಡಿಯಿರಿ. ಮೇಲಿನ ಕೆಲಸ ಮುಗಿಯುವ ಮೊದಲೇ ಗೋಡೆಗೆ ಸುಣ್ಣ ಹೊಡೆದರೆ ಕೆಸರು ಇಳಿದು ಎರಡು ಸಲ ದುಡಿಯಬೇಕಾಗುತ್ತದೆ. ಅಶ್ವಿನಿ, ಭರಣಿ ಮಳೆಗಳು ಏಪ್ರಿಲ್‌ನಲ್ಲೇ ಶುರು. ಅಷ್ಟರೊಳಗೆ ಎಲ್ಲ ಒಣಗಿರಬೇಕು.

ಮೊದಲು ಒಳಗಿನಿಂದ ನೋಡಿ

ಮಾಳಿಗೆ ಹತ್ತುವ ಮುಂಚೆ ಮನೆಯೊಳಗೆ ನಿಂತು ತಲೆ ಎತ್ತಿ ನೋಡಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ದಬ್ಬೆ ಅಥವಾ ಸೀಳಿದ ಕಡ್ಡಿಗಳು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಕೆಸರು, ಕೆಸರಿನ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರ್ಲು. ಎರಡು ತೊಲೆಗಳ ನಡುವಿನ ಅಂಕಣವನ್ನು ಒಂದೊಂದಾಗಿ ಪರೀಕ್ಷಿಸಿ.

ತೊಲೆ, ಜಂತೆಗಳು ಹಾಳಾಗುವುದು ಹೆಚ್ಚಾಗಿ ಗೋಡೆಯೊಳಗೆ ಸೇರುವ ತುದಿಯಲ್ಲಿ. ನಡುವೆ ಗಟ್ಟಿ ಕಂಡರೂ ನಂಬಬೇಡಿ. ಗೋಡೆಯ ಪಕ್ಕದಲ್ಲೇ ಮೊನೆಯಾದ ಉಳಿ ಅಥವಾ ದಬ್ಬಣದಿಂದ ಒತ್ತಿ. ಕಾಲಿಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಸುತ್ತಿಗೆಯ ಹಿಡಿಯಿಂದ ಬಡಿದಾಗ ಟಣ್ ಎನ್ನದೆ ಬೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ. ಇಂಥ ಜಂತೆಯ ಕೆಳಗೆ ಊರುಗಂಬ ನಿಲ್ಲಿಸದೆ ಮಾಳಿಗೆಯ ಮೇಲೆ ಕಾಲಿಡಬಾರದು. ಊರುಗಂಬದ ಬುಡಕ್ಕೆ ಹಲಗೆ ಹಾಕಿ, ಇಲ್ಲವಾದರೆ ಸಗಣಿ ಸಾರಿಸಿದ ನೆಲ ಕುಸಿದು ಕಂಬ ಸಡಿಲವಾಗುತ್ತದೆ. ಮರ ಬದಲಿಸುವ ಕೆಲಸವನ್ನು ಹಳೆ ಮನೆಗಳಲ್ಲಿ ಕೈ ಪಳಗಿದ ಬಡಗಿಗೇ ಬಿಡಿ.

ಸೂರಿನ ಕೆಳಗೆ ಕಂದು ಕಲೆ ಕಂಡ ಜಾಗದ ನೇರ ಮೇಲೆಯೇ ಸೋರಿಕೆ ಇರುತ್ತದೆ ಎಂದುಕೊಳ್ಳಬೇಡಿ. ನೀರು ಸೊಪ್ಪಿನ ಪದರದ ಉದ್ದಕ್ಕೆ ಹರಿದು ಎಲ್ಲೋ ಇಳಿಯುತ್ತದೆ. ಕಲೆಯಿಂದ ಮೇಲ್ಮುಖ ಇಳಿಜಾರಿನ ಕಡೆಗೆ ನಾಲ್ಕೈದು ಅಡಿಯವರೆಗೂ ಹುಡುಕಿ. ಇಲಿ ಬಿಲ, ಇರುವೆ ಗೂಡು, ಗರಿಕೆ ಬೇರು, ಬೆಳಕಿಗೆಂದು ಸೂರಿನಲ್ಲಿ ಬಿಟ್ಟ ಗವಾಕ್ಷಿಯ ಅಂಚು: ಹತ್ತರಲ್ಲಿ ಒಂಬತ್ತು ಸಲ ಇವುಗಳಲ್ಲೇ ಒಂದು ಕಾರಣ.

ಹಳೆ ಮಣ್ಣಿನ ಭಾರ

ಈ ಮನೆಗಳಿಗೆ ಹೆಚ್ಚಿನ ಹಾನಿ ಆಗುವುದು ಒಳ್ಳೆಯ ಉದ್ದೇಶದಿಂದಲೇ. ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಲೆಕ್ಕ ಹಾಕಿ ನೋಡಿ: 100 ಚದರಡಿ ಜಾಗಕ್ಕೆ ಒಂದು ಇಂಚು ದಪ್ಪದ ಗಟ್ಟಿ ಮಣ್ಣು ಎಂದರೆ ಸುಮಾರು 400 ಕೆಜಿ. ಹತ್ತು ವರ್ಷ ಇಂಚಿಂಚು ಸೇರಿದರೆ 4 ಟನ್. ನೆನೆದಾಗ ಇನ್ನೂ ಹೆಚ್ಚು. ತೊಲೆ ಬಾಗುತ್ತದೆ, ಬಾಗಿದ ನಡುವಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಕಾಣದಿರಲೆಂದು ಅಲ್ಲಿಗೇ ಮತ್ತಷ್ಟು ಮಣ್ಣು ಬೀಳುತ್ತದೆ. ಒಂದು ದಿನ ಆ ಅಂಕಣ ಕೆಳಗಿರುತ್ತದೆ.

ಆದ್ದರಿಂದ ಎಷ್ಟು ಹಾಕುತ್ತೀರೋ ಅಷ್ಟು ಮೊದಲು ತೆಗೆಯಿರಿ. ಅಂಚಿನಲ್ಲಿ ಒಂದು ಕಡೆ ಸಣ್ಣ ಗುಂಡಿ ತೋಡಿ, ಸೊಪ್ಪಿನ ಪದರದವರೆಗೆ ಎಷ್ಟು ಮಣ್ಣಿದೆ ಅಳೆಯಿರಿ. 8 ಇಂಚಿಗಿಂತ ಹೆಚ್ಚಿದ್ದರೆ ಈ ವರ್ಷ ಹೊಸದನ್ನು ಹಾಕುವ ಮಾತಿಗಿಂತ ಕೆರೆದು ಇಳಿಸುವುದೇ ಮುಖ್ಯ ಕೆಲಸ. ಗುದ್ದಲಿಯಿಂದ ಅಗೆಯಬೇಡಿ, ಸಲಿಕೆಯನ್ನು ಮಲಗಿಸಿ ಕೆರೆಯಿರಿ. ಕೆರೆದ ಮಣ್ಣನ್ನು ಮಾಳಿಗೆಯ ಮೇಲೆ ಗುಡ್ಡೆ ಹಾಕದೆ ಬಾಂಡ್ಲಿಯಲ್ಲಿ ಆಗಾಗಲೇ ಇಳಿಸಿ. ಒಂದು ಅಂಕಣದ ನಡುವೆ ಇಬ್ಬರಿಗಿಂತ ಹೆಚ್ಚು ಜನ ನಿಲ್ಲಬೇಡಿ; ಓಡಾಟ ಗೋಡೆ ಮತ್ತು ತೊಲೆಯ ನೇರಕ್ಕೇ ಇರಲಿ.

ಗರಿಕೆ, ಕಳೆಗಳನ್ನು ಬೇರು ಸಹಿತ ಕೀಳಿ. ಕತ್ತರಿಸಿ ಬಿಟ್ಟರೆ ಉಳಿದ ಬೇರು ಒಣಗಿ ಪೊಳ್ಳಾಗಿ ನೀರಿಗೆ ಕೊಳವೆಯಾಗುತ್ತದೆ. ಇಲಿ ಬಿಲವನ್ನು ಬಾಯಲ್ಲಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ. ಅದು ಹೋದಷ್ಟು ದೂರ ಬಿಡಿಸಿ, ಮುದ್ದೆ ಹದದ ಮಣ್ಣನ್ನು ಕೋಲಿನಿಂದ ತುರುಕಿ ಗಟ್ಟಿ ಮಾಡಿ. ಸೊಪ್ಪಿನ ಪದರವೇ ಕೊಳೆತಿದ್ದರೆ ಅಷ್ಟು ಜಾಗ ಬಿಚ್ಚಿ ಬಂದರಿಕೆ ಅಥವಾ ಲಕ್ಕಿ ಸೊಪ್ಪನ್ನು ಎರಡು ದಿನ ಬಾಡಿಸಿ, ತುದಿಗಳು ಒಂದರ ಮೇಲೊಂದು ಬರುವಂತೆ ನಾಲ್ಕು ಇಂಚು ಹಾಸಿ ತುಳಿಯಿರಿ. ಹಸಿ ಸೊಪ್ಪು ಹಾಕಿದರೆ ಅದು ಒಣಗಿ ಕುಗ್ಗಿದಾಗ ಮೇಲಿನ ಮಣ್ಣು ಕುಳಿಬೀಳುತ್ತದೆ.

ಕರ್ಲು ಆರಿಸುವುದು

ಕರ್ಲು ಎಂದರೆ ಬೆಳೆ ಬಾರದ ಚೌಳು ನೆಲದ ಮಣ್ಣು. ರೈತನಿಗೆ ಬೇಡವಾದ ಗುಣವೇ ಮಾಳಿಗೆಗೆ ಬೇಕಾದದ್ದು. ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಗುಲಿದೊಡನೆ ಅದರ ಜೇಡಿಯ ಕಣಗಳು ಒಂದಕ್ಕೊಂದು ಬಿಟ್ಟು ಹರಡಿ, ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗಿ ಕೂರುತ್ತವೆ. ಮೇಲಿನ ಅರ್ಧ ಇಂಚು ನೆನೆಯುವಷ್ಟರಲ್ಲಿ ದಾರಿ ಮುಚ್ಚಿಹೋಗಿ ಮಿಕ್ಕ ನೀರು ಹರಿದುಹೋಗುತ್ತದೆ. ಹೊಲದಲ್ಲಿ ಇದರಿಂದಲೇ ನೀರು ಇಂಗದೆ ಬೇರು ಉಸಿರುಗಟ್ಟುತ್ತದೆ.

ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಕಂಡದ್ದೆಲ್ಲ ಒಳ್ಳೆಯ ಕರ್ಲಲ್ಲ. ಬರೀ ಉಪ್ಪು ಹೆಚ್ಚಿರುವ ನೆಲವೂ ಬೆಳ್ಳಗೇ ಕಾಣುತ್ತದೆ, ಅದು ನೀರು ತಡೆಯುವುದಿಲ್ಲ. ಗುರುತಿಸುವುದಕ್ಕೆ ಒಂದು ಗಾಜಿನ ಲೋಟ ಸಾಕು. ಕಡಲೆ ಗಾತ್ರದ ಒಣ ಹೆಂಟೆಗಳನ್ನು ನಾಲ್ಕೈದು ಆರಿಸಿ, ಲೋಟದಲ್ಲಿ ಮಳೆ ನೀರೋ ಶುದ್ಧೀಕರಿಸಿದ ಕುಡಿಯುವ ನೀರೋ ಹಾಕಿ ಮೆಲ್ಲಗೆ ಬಿಡಿ. ಕಲಕಬೇಡಿ. ಎರಡು ಗಂಟೆಯಲ್ಲಿ ಹೆಂಟೆಯ ಸುತ್ತ ಹಾಲಿನಂತೆ ಕದಡು ಹಬ್ಬಿ, ಮರುದಿನವೂ ನೀರು ತಿಳಿಯಾಗದಿದ್ದರೆ ಅದೇ ಸರಿಯಾದ ಕರ್ಲು. ಹೆಂಟೆ ಪುಡಿಯಾಗಿ ತಳದಲ್ಲಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಆ ಮಣ್ಣು ಬಿಡಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಒಳ್ಳೆಯ ಕರ್ಲೂ ತಿಳಿಯಾಗಿ ಕೂತು ಮೋಸವಾಗುತ್ತದೆ.

100 ಚದರಡಿಗೆ ಒಂದು ಇಂಚು ಕೂರಬೇಕಾದರೆ ಸಡಿಲ ಕರ್ಲು ಸುಮಾರು 11 ಘನ ಅಡಿ ಬೇಕು, ಅಂದರೆ 20ರಿಂದ 25 ಬಾಂಡ್ಲಿ. 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರ್ ಒಂದು ಲೋಡು 800 ಚದರಡಿ ಮಾಳಿಗೆಗೆ ಧಾರಾಳ. ತರುವ ನೆಲ ಯಾರದೆಂದು ಕೇಳಿ ಒಪ್ಪಿಗೆ ಪಡೆಯಿರಿ, ಹಾಗೆಯೇ ಮೇಲಿನ ಅರ್ಧ ಅಡಿಯನ್ನಷ್ಟೇ ಬಾಚಿ.

ಹಾಸುವ ಕ್ರಮ

ಇಳಿಜಾರು ಮೊದಲು. ಹತ್ತಡಿಗೆ ಎರಡೂವರೆಯಿಂದ ಮೂರು ಇಂಚು ಇಳಿಯಬೇಕು. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿಯಿರಿ, ಕಣ್ಣಂದಾಜು ಸಾಲದು. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ. ಜಾಸ್ತಿಯಾದರೆ ಓಡುವ ನೀರು ಕರ್ಲನ್ನೇ ಹೊತ್ತೊಯ್ಯುತ್ತದೆ, ಏಕೆಂದರೆ ನೀರಿನಲ್ಲಿ ಬಿಡಿಬಿಡಿಯಾಗುವ ಮಣ್ಣಿಗೆ ಹರಿವಿನ ಎದುರು ನಿಲ್ಲುವ ಕಸುವಿಲ್ಲ. ವರ್ಷ ವರ್ಷ ಕರ್ಲು ಹಾಕಬೇಕಾಗುವುದೂ ಇದೇ ಕಾರಣಕ್ಕೆ. ತಗ್ಗು ತುಂಬಿ ಇಳಿಜಾರು ಸರಿಮಾಡುವುದಕ್ಕೆ ಸಾಮಾನ್ಯ ಕೆಂಪು ಮಣ್ಣು ಬಳಸಿ, ಕರ್ಲು ಮೇಲಿನ ಪದರಕ್ಕೆ ಮಾತ್ರ.

ಕೆರೆದ ಮೇಲ್ಮೈಗೆ ನೀರು ಚಿಮುಕಿಸಿ. ಒಣ ಮಣ್ಣಿನ ಮೇಲೆ ಹೊಸ ಪದರ ಅಂಟದೆ ಚಕ್ಕೆಯಾಗಿ ಏಳುತ್ತದೆ. ಹೆಂಟೆ ಒಡೆದು ಜರಡಿ ಹಿಡಿದ ಕರ್ಲನ್ನು ಒಂದೂವರೆ ಇಂಚಿಗಿಂತ ಕೊಂಚ ಕಡಿಮೆ ದಪ್ಪಕ್ಕೆ ಹರಡಿ, ಮೇಲೆ ಮತ್ತೆ ಚಿಮುಕಿಸಿ, ಕಾಯಿರಿ. ಅಂಗೈ ಒತ್ತಿದರೆ ಗುರುತು ಮೂಡಬೇಕು, ಮಣ್ಣು ಕೈಗೆ ಮೆತ್ತಬಾರದು. ಆ ಹದಕ್ಕೆ ಬಂದಾಗ ಅಗಲ ಮುಖದ ಕೊಡತಿಯಿಂದ ಬಡಿಯಿರಿ. ನೆಲಕ್ಕೆ ಹೊಡೆಯುವ ದಮ್ಮಸನ್ನು ಮಾಳಿಗೆಗೆ ತರಬೇಡಿ, ಅದರ ಪೆಟ್ಟಿಗೆ ಕೆಳಗಿನ ದಬ್ಬೆ ಮುರಿಯುತ್ತದೆ. ಮಾಳಿಗೆಯ ನೀರು ಹೊರಬೀಳುವ ದೋಣಿಯ ಕಡೆಯಿಂದ ಶುರುಮಾಡಿ ಏರಿನ ಕಡೆಗೆ ಬಡಿಯುತ್ತ ಹೋಗಿ. ಒಂದು ಇಂಚಿಗೆ ಕೂತರೆ ಸಾಕು.

ಎರಡು ದಿನದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಗಾಬರಿ ಬೇಡ. ಕರ್ಲಿನ ಪುಡಿಯನ್ನೇ ಉದುರಿಸಿ ಪೊರಕೆಯಿಂದ ಬಿರುಕಿಗೆ ತುಂಬಿ ಇನ್ನೊಮ್ಮೆ ಹಗುರವಾಗಿ ಬಡಿಯಿರಿ. ಒಣ ಕರ್ಲು ಚೆಲ್ಲಿ ಮೊದಲ ಮಳೆಗೆ ಬಿಟ್ಟುಬಿಡುವವರೂ ಇದ್ದಾರೆ. ಮೊದಲ ಮಳೆ ಮೆಲ್ಲಗೆ ಬಂದರೆ ಅದು ನಡೆಯುತ್ತದೆ. ಗಾಳಿಯ ಜೊತೆ ಬಿರುಸಾಗಿ ಬಂದರೆ ಅರ್ಧ ಕರ್ಲು ಬೀದಿಯಲ್ಲಿರುತ್ತದೆ. ಬಡಿಯುವುದೇ ಮೇಲು.

ಗವಾಕ್ಷಿಯ ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ ಇರಲಿ, ಅದರ ಬುಡದಲ್ಲಿ ಮೂಲೆಯಾಗದಂತೆ ಕರ್ಲನ್ನು ಓರೆಯಾಗಿ ಒತ್ತಿ ಏರಿಸಿ. ನೀರು ಬೀಳುವ ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಚಾಚಿರಬೇಕು. ದೋಣಿಯ ತಳವು ಮಾಳಿಗೆಯ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿದ್ದು, ತುದಿ ಹೊರಮುಖವಾಗಿ ಬಾಗಿರಲಿ. ಗಿಡ್ಡ ದೋಣಿಯಿಂದ ಗೋಡೆಯ ಮೇಲೆ ಇಳಿದ ನೀರು ಒಂದೇ ಮಳೆಗಾಲದಲ್ಲಿ ಆಳದ ಕಾಲುವೆ ಕೊರೆದುಬಿಡುತ್ತದೆ. ನೀರು ಬೀಳುವ ಜಾಗಕ್ಕೆ ಒಂದು ಚಪ್ಪಡಿ ಹಾಕಿ.

ಮಣ್ಣಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸುವ ಸಲಹೆ ಈಗ ಬಹಳ ಕೇಳಿಬರುತ್ತದೆ. ಒಂದೇ ಒಂದು ತೂತಾದರೂ ನೀರು ಹಾಳೆಯ ಕೆಳಗೆ ಹರಡಿಕೊಂಡು ಆರಲು ದಾರಿಯಿಲ್ಲದೆ ಸೊಪ್ಪು, ದಬ್ಬೆ ಎರಡನ್ನೂ ಕೊಳೆಸುತ್ತದೆ. ಮೇಲೆ ಸಿಮೆಂಟು ಗಾರೆ ಹಾಕುವುದು ಇನ್ನೂ ಕೆಟ್ಟದ್ದು. ಮರದ ಸೂರು ಭಾರಕ್ಕೂ ಬಿಸಿಲಿಗೂ ಸ್ವಲ್ಪ ಅಲುಗುತ್ತಲೇ ಇರುತ್ತದೆ, ಸಿಮೆಂಟು ಅಲುಗಲಾರದೆ ಸೀಳುತ್ತದೆ. ಕರ್ಲಿನ ಬಿರುಕು ನೆನೆದಾಗ ತಾನೇ ಮುಚ್ಚಿಕೊಳ್ಳುತ್ತದೆ, ಸಿಮೆಂಟಿನ ಬಿರುಕು ಅಗಲವಾಗುತ್ತ ಹೋಗುತ್ತದೆ.

ಗೋಡೆಯ ಮೆತ್ತಿಗೆ

ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ಅಲ್ಲಿ ಅರಮನೆಯ ಜಾಗದಲ್ಲಿ, ಟಂಕಸಾಲೆಯೆಂದು ತೋರಿಸುವ ಕಡೆ, ಸೂರಿಲ್ಲದ ಮಣ್ಣಿನ ಗೋಡೆಗಳು ಇಂದಿಗೂ ನಿಂತಿವೆ. ಮಣ್ಣು ಎಷ್ಟು ಬಾಳುತ್ತದೆ ಎಂದು ಸಂಶಯವಿದ್ದವರು ಅವನ್ನು ಹೋಗಿ ನೋಡಬೇಕು. ಅದು ಸಂರಕ್ಷಿತ ಸ್ಮಾರಕ, ಮುಟ್ಟಿ ಕೆರೆದು ನೋಡುವಂತಿಲ್ಲ. ಕಣ್ಣಿನಿಂದ ನೋಡಿದರೂ ಕಲಿಯಲು ಬೇಕಾದಷ್ಟಿದೆ.

ನಿಮ್ಮ ಗೋಡೆಯ ಮೆತ್ತಿಗೆ ಬಿದ್ದಿದ್ದರೆ ಮಣ್ಣಿನಿಂದಲೇ ಮೆತ್ತಿ. ಸಿಮೆಂಟು ಮೆತ್ತಿದರೆ ನೆಲದಿಂದ ಏರುವ ತೇವ ಅದರ ಹಿಂದೆ ಸಿಕ್ಕಿಕೊಂಡು, ಒಳಗಿನ ಮಣ್ಣು ಪುಡಿಯಾಗಿ, ಮೂರ್ನಾಲ್ಕು ವರ್ಷದಲ್ಲಿ ಸಿಮೆಂಟು ಹಾಳೆ ಹಾಳೆಯಾಗಿ, ಗೋಡೆಯ ಮಣ್ಣನ್ನೂ ಕಚ್ಚಿಕೊಂಡು ಬೀಳುತ್ತದೆ. ಎರೆ ಮಣ್ಣು ಬೇಡ, ಒಣಗಿದಾಗ ಬಿರಿಯುತ್ತದೆ. ಕರ್ಲು ಬೇಡ, ಗೋಡೆಯಲ್ಲಿ ಅದು ತೊಳೆದುಹೋಗುತ್ತದೆ. ಕೊಟ್ಟಿಗೆಯ ಹಾಳುಮಣ್ಣೂ ಬೇಡ. ಗಂಜಳ ಕುಡಿದ ಮಣ್ಣಿನ ಉಪ್ಪು ಹೊರಗೆ ಬಂದು ಸುಣ್ಣವನ್ನು ತಳ್ಳುತ್ತದೆ.

ಎರಡು ಬಾಂಡ್ಲಿ ಜಿಗುಟಿರುವ ಕೆಂಪು ಮಣ್ಣು, ಒಂದೂವರೆ ಬಾಂಡ್ಲಿ ಮರಳು, ಅರ್ಧ ಬಾಂಡ್ಲಿ ಭತ್ತದ ಹೊಟ್ಟು ಅಥವಾ ಎರಡಿಂಚಿಗೆ ಕತ್ತರಿಸಿದ ಹುಲ್ಲು, ಕಾಲು ಬಾಂಡ್ಲಿ ಸಗಣಿ. ಇದು ಶುರುವಿನ ಅಳತೆ. ನೀರು ಹಾಕಿ ತುಳಿದು, ಗೋಣಿ ಮುಚ್ಚಿ ನಾಲ್ಕೈದು ದಿನ ಕೊಳೆಯಲು ಬಿಡಿ, ದಿನಕ್ಕೊಮ್ಮೆ ತುಳಿಯಿರಿ. ಒಂದು ಚದರಡಿಗೆ ಮೆತ್ತಿ ಮೂರು ದಿನ ನೋಡಿ: ಬಿರುಕು ಬಿಟ್ಟರೆ ಮರಳು ಸೇರಿಸಿ, ಬೆರಳಿಗೆ ಪುಡಿ ಬಂದರೆ ಮಣ್ಣು ಸೇರಿಸಿ. ಗೋಡೆಯನ್ನು ನೆನೆಸಿ, ಮುಕ್ಕಾಲು ಇಂಚಿಗಿಂತ ದಪ್ಪವಾಗದಂತೆ ಮೆತ್ತಿ. ಆಳದ ಗುಂಡಿಗಳನ್ನು ಹಿಂದಿನ ದಿನವೇ ಕಲ್ಲು ಚೂರು, ಮಣ್ಣಿನಿಂದ ತುಂಬಿರಬೇಕು.

ಸುಣ್ಣ

ಸುಟ್ಟ ಸುಣ್ಣದ ಕಲ್ಲು ಸಿಕ್ಕರೆ ಅದೇ ಒಳ್ಳೆಯದು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಅದಕ್ಕೆ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಕಲ್ಲಿನ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ ಸಲ್ಲದು, ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು. ಕಣ್ಣಿಗೆ ಹಾರಿದರೆ ಕಾಲು ಗಂಟೆ ಬಿಡದೆ ತಣ್ಣೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. 1 ಕೆಜಿ ಕಲ್ಲಿಗೆ ಒಟ್ಟು 5 ಲೀಟರ್ ನೀರು. ಎರಡು ದಿನವಾದರೂ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ, ಬೇಕಾದರೆ ಚಿಟಿಕೆ ಬಟ್ಟೆ ನೀಲಿ ಸೇರಿಸಿ.

ಸುಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಮೊದಲ ಬಳಿತ ಒದ್ದೆಯಾಗಿರುವಾಗ ಏನೂ ಕಾಣುವುದಿಲ್ಲ, ಒಣಗಿದಂತೆ ಬೆಳ್ಳಗಾಗುತ್ತದೆ. ಇದನ್ನು ಕಾಯದೆ ದಪ್ಪಗೆ ಬಳಿದವರ ಗೋಡೆಯಿಂದಲೇ ಹೊಪ್ಪಳೆ ಏಳುವುದು. ದಿನಕ್ಕೊಂದರಂತೆ ಮೂರು ಬಳಿತ ಸಾಕು, ಪ್ರತಿ ಸಲ ಗೋಡೆಗೆ ನೀರು ಚಿಮುಕಿಸಿ. ಬಿಸಿಲು ಬೀಳುವ ಗೋಡೆಯನ್ನು ಸಂಜೆ ಹಿಡಿಯಿರಿ. ಸಗಣಿ ಸಾರಿಸಿದ ಪದರದ ಮೇಲೆ ಸುಣ್ಣ ಕಚ್ಚುವುದಿಲ್ಲ, ಮೊದಲು ಉಜ್ಜಿ ತೆಗೆಯಿರಿ.

ಜಾಜು, ಕಾರಣೆ

ಗೋಡೆಯ ಬುಡದಲ್ಲಿ ಒಂದೂವರೆಯಿಂದ ಎರಡಡಿ ಎತ್ತರಕ್ಕೆ ಬಳಿಯುವ ಕೆಂಪು ಪಟ್ಟಿ ಸುಮ್ಮನೆ ಬಂದದ್ದಲ್ಲ. ಮಳೆಯ ಹನಿ ನೆಲಕ್ಕೆ ಬಡಿದು ಕೆಸರು ಸಿಡಿಯುವ ಎತ್ತರ ಅದು. ಅಲ್ಲಿ ಪ್ರತಿ ವರ್ಷ ಹೊಸದಾಗಿ ಮೆತ್ತುವ ತೆಳು ಪದರ ತಾನು ಸವೆದು ಗೋಡೆಯನ್ನು ಉಳಿಸುತ್ತದೆ.

1 ಕೆಜಿ ಜಾಜಿನ, ಅಂದರೆ ಬಣ್ಣದ ಕೆಮ್ಮಣ್ಣಿನ, ಪುಡಿಯನ್ನು 2 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಒಂದು ಹಿಡಿ ಸುಣ್ಣದ ತಿಳಿ, 50 ಗ್ರಾಂ ನೆನೆಸಿದ ಗೋಂದು ಸೇರಿಸಿ. ಸುಣ್ಣ ಹೆಚ್ಚಾದರೆ ಕೆಂಪು ಹೋಗಿ ಗುಲಾಬಿಯಾಗುತ್ತದೆ. ಮೂರನೆಯ ಬಳಿತದ ಸುಣ್ಣ ಇನ್ನೂ ತಣ್ಣಗಿರುವಾಗಲೇ ಬಳಿದರೆ ಸುಣ್ಣ ಗಟ್ಟಿಯಾಗುತ್ತ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಬರುವ ಕೆಂಪು ಹೊಸ್ತಿಲ ಪೂಜೆಗೆ ಸರಿ, ಹೊರಗೋಡೆಯ ಬಿಸಿಲಿಗೆ ನಿಲ್ಲದು. ಜಾಜು ಕಬ್ಬಿಣದಂಶದ ಮಣ್ಣು, ಅದಕ್ಕೆ ಸುಣ್ಣವೂ ಬಿಸಿಲೂ ಏನೂ ಮಾಡುವುದಿಲ್ಲ.

ಅಂಚು ನೇರ ಬರಲು ಹತ್ತಿ ದಾರವನ್ನು ಜಾಜಿನಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು ಬಿಗಿದು, ನಡುವೆ ಎಳೆದು ಬಿಡಿ. ಗೋಡೆಯ ಮೇಲೆ ಗೆರೆ ಬೀಳುತ್ತದೆ. ಗೆರೆಯ ಕೆಳಗೆ ಅಗಲ ಕುಂಚದಿಂದ ಜಾಜು ತುಂಬಿ. ಅದರ ಮೇಲಂಚಿಗೆ ಎರಡು ಬೆರಳು ಬಿಟ್ಟು ಬೆರಳಗಲದ ಇನ್ನೊಂದು ಕೆಂಪು ಗೆರೆ ಎಳೆದರೆ ಕಾರಣೆಗೆ ಕಳೆ ಬರುತ್ತದೆ. ಬಾಗಿಲು, ಕಿಟಕಿಯ ಸುತ್ತಲೂ ಇದೇ ಅಗಲ. ದೇವಸ್ಥಾನದ ಪೌಳಿಗಾದರೆ ಒಂದು ಗೇಣು ಕೆಂಪು, ಒಂದು ಗೇಣು ಬಿಳಿ ಉದ್ದ ಪಟ್ಟೆ. ಮೂಲೆಯಿಂದ ಶುರುಮಾಡದೆ ಬಾಗಿಲಿನ ನಡುವಿನಿಂದ ಎರಡೂ ಕಡೆಗೆ ಗುರುತು ಹಾಕುತ್ತ ಹೋಗಿ, ಆಗ ಉಳಿಕೆ ಅರ್ಧ ಪಟ್ಟೆ ಮೂಲೆಗೆ ಹೋಗಿ ಕಣ್ಣಿಗೆ ಬೀಳುವುದಿಲ್ಲ.

ಒಣಗಿದ ಕೆಂಪಿನ ಮೇಲೆ ಬಿಳಿ ಚಿತ್ತಾರ ಬರೆಯಲು ಈಚಲ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ ನಾರು ಬಿಡಿಸಿಕೊಳ್ಳಿ. ಅಂಗಡಿಯ ಕುಂಚಕ್ಕಿಂತ ಇದರಲ್ಲಿ ಎಳೆ ಒಂದೇ ಸಮ ಬರುತ್ತದೆ, ಸುಣ್ಣಕ್ಕೆ ಕೂದಲು ಕರಗುವ ಭಯವೂ ಇಲ್ಲ. ಇಲ್ಲಿ ಸುಣ್ಣ ಮಜ್ಜಿಗೆ ಹದಕ್ಕಿರಲಿ. ಚುಕ್ಕಿಗಳನ್ನು ಮೊದಲು ಇಟ್ಟು, ಎಳೆಯನ್ನು ಭುಜದಿಂದ ಎಳೆಯಿರಿ. ಮಣಿಕಟ್ಟಿನಿಂದ ಎಳೆದರೆ ನಡುಗುತ್ತದೆ. ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಗೊತ್ತಿರುವ ಎಳೆಗಳನ್ನೇ ಕೇಳಿ ಬರೆಯಿರಿ. ಮೊಬೈಲಿನಲ್ಲಿ ಸಿಗುವ ನಮೂನೆ ಎಲ್ಲ ಊರಿಗೂ ಒಂದೇ, ನಿಮ್ಮ ಅಜ್ಜಿಯ ಎಳೆ ನಿಮ್ಮ ಮನೆಯಲ್ಲಿ ಮಾತ್ರ ಇರುತ್ತದೆ.

ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸನಾಯಕರ ಊರುಗಳಲ್ಲಿ ಇರುವ ಹುಲ್ಲಿನ ಗುಬ್ಬದ ಗುಡಿಗಳಿಗೆ ಈ ಕ್ರಮ ಯಾವುದೂ ಸಲ್ಲದು. ಅವನ್ನು ಯಾರು, ಯಾವಾಗ ಹೊದಿಸಬೇಕೆಂಬುದಕ್ಕೆ ಅವರವರ ಕಟ್ಟುಪಾಡಿದೆ.

ಮೊದಲ ಮಳೆಯಾದ ಮೇಲೆ

ಮಳೆ ಬೀಳುವಾಗ ಮಾಳಿಗೆ ಹತ್ತಬೇಡಿ, ನೆನೆದ ಕರ್ಲು ಸೋಪಿನಂತೆ ಜಾರುತ್ತದೆ. ನಿಂತು ಮೂರ್ನಾಲ್ಕು ಗಂಟೆಯ ನಂತರ ಏಣಿಯ ಮೇಲಿಂದಲೇ ನೋಡಿ. ಉಳಿದೆಡೆ ಬಣ್ಣ ತಿಳಿಯಾಗಿ, ಎಲ್ಲಿ ಇನ್ನೂ ಕಪ್ಪಗೆ ಹೊಳೆಯುತ್ತಿದೆಯೋ ಅಲ್ಲಿ ನೀರು ನಿಂತಿದೆ. ಮರುದಿನ ಒಣಗಿದಾಗ ಅದರ ಅಂಚಿಗೆ ಬಿಳಿ ಗೆರೆ ಕಟ್ಟಿರುತ್ತದೆ. ಆ ಗೆರೆಗುಂಟ ಬೂದಿ ಉದುರಿಸಿ ಗುರುತು ಮಾಡಿ, ಒಳಗಿನ ತಗ್ಗಿಗೆ ಕರ್ಲು ತುಂಬಿ ಬಡಿಯಿರಿ. ಇದಕ್ಕಾಗಿ ಎಂಟ್ಹತ್ತು ಬಾಂಡ್ಲಿ ಕರ್ಲನ್ನು ಗೋಣಿಚೀಲದಲ್ಲಿ ತುಂಬಿ ಒಣಜಾಗದಲ್ಲಿ ಇಟ್ಟಿರಿ. ನಮ್ಮ ಸೀಮೆಯಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನ ಹಸ್ತ, ಚಿತ್ತೆಗೆ. ಆ ಹೊತ್ತಿಗೆ ಚೌಳು ನೆಲವೆಲ್ಲ ಕೆಸರಾಗಿ ಒಂದು ಬಾಂಡ್ಲಿ ಒಣ ಕರ್ಲೂ ಸಿಗುವುದಿಲ್ಲ.